ಬಾಗಿಲಲ್ಲಿ ಸ್ಟೂಲು, ಒಳಗೆ ಕುಂಬಳ

ಹೆರಿಗೆ ವಾರ್ಡಿನ ಬಾಗಿಲಲ್ಲಿ ಮೂವತ್ತೆರಡು ವರ್ಷ ಒಂದೇ ಸ್ಟೂಲಿನ ಮೇಲೆ ಕೂತವಳನ್ನು ಜನ ಸ್ಟೂಲಮ್ಮ ಎಂದು ಕರೆದರೆ ಅದರಲ್ಲಿ ಜನರ ತಪ್ಪೇನಿಲ್ಲ. ಕಾಗದದ ಮೇಲೆ ಅವಳ ಹುದ್ದೆ ಆಯಾ. ನೆಲ ಒರೆಸುವುದು, ಬಿಸಿನೀರು ತರುವುದು, ಹುಟ್ಟಿದ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ ತೂಕ ಕೂಗಿ ಹೇಳುವುದು, ಇವೆಲ್ಲ ಇದ್ದದ್ದೇ. ಅವಳ ನಿಜವಾದ ಕೆಲಸ ಮಾತ್ರ ಗಂಡಸರನ್ನು ಹೊರಗಿಡುವುದಾಗಿತ್ತು. ಗಂಡ ಬರಲಿ, ಮಾವ ಬರಲಿ, ಮೈದುನ ಬರಲಿ, ಎರಡೂ ತೋಳು ಬಾಗಿಲಿಗೆ ಅಡ್ಡ ಚಾಚಿ, "ಗಂಡಸರು ಹೊರಗೆ. ಕರೆದಾಗ ಬನ್ನಿ" ಎನ್ನುವಳು. ಒಮ್ಮೆ ಒಬ್ಬ ದೊಡ್ಡ ಪೊಲೀಸ್ ಅಧಿಕಾರಿ ಮೀಸೆ ತಿರುವುತ್ತಾ, "ನಾನು ಯಾರು ಗೊತ್ತಾ?" ಎಂದು ಕೇಳಿದ್ದ. "ಗೊತ್ತು, ಗಂಡಸು" ಎಂದು ಸ್ಟೂಲಮ್ಮ ಬಾಗಿಲು ಹಾಕಿಕೊಂಡಿದ್ದಳು.

ಅವಳಿಗೆ ಮುಖಗಳು ನೆನಪಿರುವುದಿಲ್ಲ, ತೂಕ ನೆನಪಿರುತ್ತದೆ. ಬಸ್ಸಿನಲ್ಲಿ ಯಾರಾದರೂ ಹೆಂಗಸು, "ಆಯಮ್ಮಾ, ನನ್ನ ಗುರುತು ಸಿಗ್ಲಿಲ್ವಾ?" ಎಂದು ಕೈ ಹಿಡಿದುಕೊಂಡರೆ, ಇವಳು ಆ ಮುಖವನ್ನು ಪಿಳಿಪಿಳಿ ನೋಡಿ, "ಯಾವ ಮಂಚ, ಯಾವ ವರ್ಷ?" ಎಂದು ಕೇಳುತ್ತಾಳೆ. ಅದನ್ನು ಹೇಳಿಬಿಟ್ಟರೆ ಸಾಕು. "ಮೂರು ಕೆಜಿ ನೂರು, ಗಂಡು, ತಲೆ ತುಂಬ ಕೂದಲು" ಎಂದು ಅಲ್ಲೇ ಒಪ್ಪಿಸಿಬಿಡುತ್ತಾಳೆ. ಬಸ್ಸಿನಲ್ಲಿ ಇದ್ದವರೆಲ್ಲ ತಿರುಗಿ ನೋಡುತ್ತಾರೆ.

ನಿವೃತ್ತಿಯ ದಿನ ಡಾಕ್ಟರಮ್ಮ ನೆನಪಿಗೆ ಏನು ಬೇಕು ಎಂದು ಕೇಳಿದಾಗ ಅವಳು ಆ ಸ್ಟೂಲನ್ನೇ ಕೇಳಿ ಪಡೆದಳು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಮಗಳ ಮನೆಗೆ ಬಂದಳು. ಹನ್ನೆರಡು ಮನೆಗಳ ಎರಡಂತಸ್ತಿನ ಕಟ್ಟಡ. ಮಗಳದು ಕೆಳಗಿನ ಸಾಲಿನ ಕೊನೆಯ ಮನೆ. ಮಗಳು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ದಿನವಿಡೀ ಊರಿಗೆಲ್ಲ ಉತ್ತರ ಹೇಳಿ ಸುಸ್ತಾಗಿ ಬರುವುದರಿಂದ ಮನೆಯಲ್ಲಿ ಅವಳ ಮಾತು ಕಡಿಮೆ. "ಅಮ್ಮಾ, ದುಡಿದಿದ್ದು ಸಾಕು, ಇನ್ನಾದ್ರೂ ಆರಾಮಾಗಿ ಕೂತ್ಕೊ" ಎಂದಳು. ಸ್ಟೂಲಮ್ಮ ಆರು ದಿನ ಆರಾಮಾಗಿ ಕೂತಳು. ಏಳನೆಯ ದಿನ ಅಡುಗೆಮನೆಯ ಹಿಂಬಾಗಿಲ ಚಿಲಕ ತೆಗೆದಳು.

ಬಾಗಿಲಾಚೆ, ಗೋಡೆಗೂ ಕಾಂಪೌಂಡಿಗೂ ನಡುವೆ, ನಾಲ್ಕು ಹೆಜ್ಜೆ ಅಗಲ ಹತ್ತು ಹೆಜ್ಜೆ ಉದ್ದದ ನೆಲ. ಅದರ ತುಂಬ ಒಡೆದ ಟೈಲ್ಸು, ತುಕ್ಕು ಹಿಡಿದ ಬಕೆಟ್ಟು, ಯಾರದೋ ಮನೆಯ ಹಳೇ ಕಮೋಡು. ಅದರ ಮೇಲೆಲ್ಲ ಬೆಳಗಿನ ಬಿಸಿಲು. ಅವಳು ಕೂತಿದ್ದ ಆಸ್ಪತ್ರೆಯ ಕಾರಿಡಾರಿಗೆ ಒಂದು ಕಿಟಕಿಯೂ ಇರಲಿಲ್ಲ. ಇಷ್ಟೊಂದು ಬಿಸಿಲು ಒಂದು ಕಮೋಡಿನ ಮೇಲೆ ದಂಡವಾಗಿ ಬೀಳುತ್ತಿದೆಯಲ್ಲ ಎಂದು ಅವಳಿಗೆ ಹೊಟ್ಟೆ ಉರಿದುಹೋಯಿತು. ಒಂದು ತಿಂಗಳು ಕಸ ಹೊತ್ತಳು. ನೆಲ ಅಗೆದಳು, ಮುಖ್ಯರಸ್ತೆಯ ಬೀಜದಂಗಡಿಗೆ ಹೋಗಿ ಸಿಹಿಗುಂಬಳದ ಬೀಜ ತಂದಳು. ಯಾಕೆ ಕುಂಬಳವೇ ಎಂದರೆ, ಅಂಗಡಿಯವನು "ಹೊಸಬರಿಗೆ ಇದೇ ಸುಲಭ, ಹಾಕಿದ್ರೆ ಸಾಕು, ತಾನೇ ಬರುತ್ತೆ" ಎಂದಿದ್ದ. ಆ ಮಾತಿಗೆ ಅವನನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ.

ತಾನೇ ಬರಲಿಲ್ಲ. ಮೊದಲ ಸಲ ಹಾಕಿದ ಬೀಜ ಮೊಳೆಯಲೇ ಇಲ್ಲ. ಹೊತ್ತಿಗೊಂದು ಬಕೆಟ್ಟು ನೀರು ಹೊಯ್ದಿದ್ದಳು. ಕೆದಕಿ ನೋಡಿದರೆ ಬೀಜ ಕೊಳೆತು ನಾರುತ್ತಿತ್ತು. ಎರಡನೆಯ ಸಲ ಮೊಳೆತು ಬಳ್ಳಿ ಹಬ್ಬಿತು, ಆದರೆ ಎಲೆಗಳ ಮೇಲೆ ಮುಖಕ್ಕೆ ಪೌಡರು ಬಳಿದ ಹಾಗೆ ಬಿಳಿ ಪುಡಿ ಕೂತಿತು. ಕೊಳೆ ಕಂಡರೆ ತೊಳೆಯುವ ಕೈ ಅವಳದು. ಸಂಜೆ ಸಂಜೆ ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ನೀರಿಗೆ ಒಂದು ಮುಚ್ಚಳ, ಆಸ್ಪತ್ರೆಯಲ್ಲಿ ನೆಲ ಒರೆಸುವ ಔಷಧಿಯನ್ನೂ ಬೆರೆಸಿದಳು. ಎಲೆಯ ಅಂಚೆಲ್ಲ ಸುಟ್ಟು ಕರಕಲಾಯಿತು. ಒಂದು ಎಲೆ ಕಿತ್ತುಕೊಂಡು ಬೀಜದಂಗಡಿಗೆ ಹೋದಳು.

"ಎಲೆಗೆ ಸ್ನಾನ ಮಾಡಿಸ್ಬೇಡೀಮ್ಮಾ. ರಾತ್ರಿಯೆಲ್ಲ ಒದ್ದೆ ಇದ್ರೆ ರೋಗ ಜಾಸ್ತಿ ಆಗುತ್ತೆ. ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು ಹಾಕಿ. ಕೆಟ್ಟ ಎಲೆ ಕತ್ತರಿಸಿ ಹಾಕಿ, ಗಾಳಿ ಆಡ್ಲಿ," ಎಂದ ಅಂಗಡಿಯವನು.

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?"

"ನೀವು ಸ್ನಾನ ಮಾಡಿಸ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ?"

ಅಲ್ಲಿಂದ ಬಂದವಳೇ ಹಿಂಬಾಗಿಲಿಗೆ ಮೊಳೆ ಹೊಡೆದು ಒಂದು ರಟ್ಟು ತೂಗುಹಾಕಿದಳು. ವಾರ್ಡಿನಲ್ಲಿ ಮಂಚದ ಕಾಲಿಗೆ ತೂಗುಹಾಕುವ ಹಾಳೆಯ ಹಾಗೆಯೇ, ತಾರೀಕು ಹಾಕಿ ಅದರಲ್ಲಿ ಬರೆಯುವಳು: ನೀರು ಎಷ್ಟು, ಹೊಸ ಎಲೆ ಎಷ್ಟು, ಬುಡದ ಮಣ್ಣಿಗೆ ಬೆರಳು ಚುಚ್ಚಿದರೆ ಒದ್ದೆಯೋ ಒಣಗಿದೆಯೋ. ಮಧ್ಯಾಹ್ನ ಎಲೆ ಜೋತುಬಿದ್ದರೆ ಮೊದಮೊದಲು ಗಾಬರಿಯಾಗಿ ನೀರು ಹೊಯ್ಯುತ್ತಿದ್ದವಳು, ಬೆರಳು ಚುಚ್ಚಿ ನೋಡುವುದನ್ನು ಕಲಿತ ಮೇಲೆ ಸುಮ್ಮನಿರಲು ಕಲಿತಳು. ಮಣ್ಣು ಒದ್ದೆ ಇದ್ದರೆ ಅದು ಬರೀ ಬಿಸಿಲಿನ ಆಯಾಸ, ಸಂಜೆಗೆ ತಾನೇ ಎದ್ದು ಕೂರುತ್ತದೆ. ಕೆಂಪು ದುಂಬಿಗಳು ಎಲೆಯನ್ನು ಜರಡಿ ಮಾಡಲು ಬಂದವು. ಬೆಳಗಿನ ತಂಪಿಗೆ ಅವಕ್ಕೆ ಹಾರಲು ಜಡ. ಆ ಹೊತ್ತಿನಲ್ಲೇ ಹೋಗಿ ಒಂದೊಂದನ್ನೇ ಹಿಡಿದು, "ಭೇಟಿ ಸಮಯ ಮುಗೀತು" ಎಂದು ಸೋಪಿನ ನೀರಿಗೆ ಹಾಕುವಳು.

ಬಳ್ಳಿಗೆ ಮೊದಲ ಮೊಗ್ಗು ಬಂದ ವಾರವೇ ಸೆಕ್ರೆಟರಿಯ ಕಣ್ಣು ಆ ನೆಲದ ಮೇಲೆ ಬಿತ್ತು. ಸೆಕ್ರೆಟರಿ ಅಂದರೆ ಆ ಕಟ್ಟಡದ ನಿವಾಸಿಗಳ ಸಂಘದವನು. ಮೇಲಿನ ಮಹಡಿಯಲ್ಲಿ ಇರುತ್ತಾನೆ. ಅಂಗಿಗೆ ಒಂದು ಸುಕ್ಕಿಲ್ಲ, ಸೊಂಟದಲ್ಲಿ ಬೀಗದ ಕೈಗೊಂಚಲು. ನೀರಿನ ತೊಟ್ಟಿ ತೊಳೆಸುವುದಕ್ಕೂ ನೋಟಿಸು, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟದ್ದಕ್ಕೂ ನೋಟಿಸು. ಸ್ಟೂಲಮ್ಮನ ಮೇಲೆ ಅವನಿಗೆ ಮೊದಲಿನಿಂದಲೂ ಒಂದು ಥರ ಮುನಿಸು. ಆ ಸ್ಟೂಲನ್ನು ಕಂಡರಂತೂ ಮುಖ ಗಂಟಿಕ್ಕುತ್ತಿತ್ತು. ಯಾಕೆಂದು ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ತನ್ನನ್ನು ಕಂಡು ಮುಖ ಗಂಟಿಕ್ಕುವ ಗಂಡಸರು ಊರು ತುಂಬ ಇದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು.

ಭಾನುವಾರ ಮೆಟ್ಟಿಲ ಹತ್ತಿರ ಸಂಘದ ಸಭೆ. ಹಿಂದಿನ ಜಾಗಕ್ಕೆ ಸಿಮೆಂಟು ಹಾಕಿಸಿ ಸ್ಕೂಟರು ನಿಲ್ಲಿಸಲು ಅನುಕೂಲ ಮಾಡುವುದು ಎಂದು ಸೆಕ್ರೆಟರಿ ಓದಿದ. ಹನ್ನೊಂದು ಮನೆಯವರು ತಲೆ ಆಡಿಸಿದರು.

"ಅಲ್ಲಿ ಕುಂಬಳ ಇದೆ," ಎಂದಳು ಸ್ಟೂಲಮ್ಮ.

"ಅಲ್ಲಿರೋದು ಕಳೆ ಕಣಮ್ಮಾ. ಒಂದು ಕಾಯಾದ್ರೂ ಬಿಟ್ಟಿದ್ಯಾ?"

"ಬಿಡುತ್ತೆ."

"ಯಾವಾಗ? ನಮ್ಮ ಮೊಮ್ಮಕ್ಕಳ ಕಾಲಕ್ಕಾ?"

ಎಲ್ಲರೂ ನಕ್ಕರು. ಆ ನಗುವಿಗೆ ಅವಳ ನಾಲಿಗೆ ಹಿಡಿತ ತಪ್ಪಿತು. "ಬರೋ ತಿಂಗಳು ಒಂದನೇ ತಾರೀಕಿಗೆ ಕಾಯಿ ತೋರಿಸ್ತೀನಿ. ತೋರಿಸ್ಲಿಲ್ಲ ಅಂದ್ರೆ ನೀವು ಸಿಮೆಂಟು ಹಾಕೋವಾಗ ನಾನೇ ನಿಂತು ನೀರು ಹೊಯ್ತೀನಿ. ಬರ್ಕೊಳ್ಳಿ."

ಅವನು ಬರೆದೇ ಬರೆದುಕೊಂಡ. ಮರುದಿನ ಅದೂ ಒಂದು ನೋಟಿಸಾಗಿ ಗೋಡೆಗೆ ಅಂಟಿತು.

"ಅಮ್ಮಾ, ನಿನಗೆ ಕುಂಬಳ ಬೆಳೆಯೋಕೆ ಬರುತ್ತಾ?" ಎಂದು ಮಗಳು ಕೇಳಿದಳು.

"ವಾರ್ಡಿಗೆ ಸೇರಿದ ದಿನ ನನಗೆ ಏನು ಬರ್ತಿತ್ತು?"

ಬಾಯಲ್ಲಿ ಹೀಗೆಂದಳೇ ಹೊರತು ಒಳಗೆ ಅವಳಿಗೆ ಹೆದರಿಕೆಯಾಗಿತ್ತು. ಮೂವತ್ತೆರಡು ವರ್ಷ ಸಾವಿರಾರು ಮಕ್ಕಳನ್ನು ಎತ್ತಿ ಒರೆಸಿ, ಬಟ್ಟೆ ಸುತ್ತಿ, ಬೇರೆಯವರ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡವಳು ಅವಳು. ಒಂದೂ ಬೆಳೆದದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಹೆತ್ತ ಮಗಳು ಬೆಳೆದದ್ದೂ ಡ್ಯೂಟಿಗಳ ನಡುವೆ ಅವಳ ಕಣ್ಣು ತಪ್ಪಿಸಿಯೇ. ದಿನಾ ಬೆಳಿಗ್ಗೆ ಎದ್ದು ನಿನ್ನೆಗಿಂತ ಇವತ್ತು ಎಷ್ಟು ದೊಡ್ಡದಾಗಿದೆ ಎಂದು ನೋಡಲು ಸಿಕ್ಕ ಮೊದಲ ಜೀವ ಈ ಬಳ್ಳಿ. ಅದರ ಮೇಲೆ ಸಿಮೆಂಟು ಸುರಿಯುತ್ತಾರೆ ಎಂದು ನೆನೆದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಬಳ್ಳಿ ತುಂಬ ಹಳದಿ ಹೂವು ಅರಳಿದಾಗ ಅವಳು ಅಂಗಡಿಗೆ ಓಡಿದಳು. ಅಂಗಡಿಯವನು, "ಉದ್ದ ತೆಳ್ಳನೆ ತೊಟ್ಟು ಇದ್ರೆ ಗಂಡು ಹೂವು. ಹೂವಿನ ಕೆಳಗೆ ಪುಟ್ಟ ಕಾಯಿ ಥರ ಹೊಟ್ಟೆ ಇದ್ರೆ ಹೆಣ್ಣು" ಎಂದು ಶುರುಮಾಡಿದ. ಅಷ್ಟರಲ್ಲಿ ಬೇರೆ ಗಿರಾಕಿ ಬಂದ. ಸ್ಟೂಲಮ್ಮನಿಗೆ ಅಷ್ಟು ಸಾಕಾಯಿತು. ಮನೆಗೆ ಬಂದು ಎಣಿಸಿದಳು: ಹೊಟ್ಟೆ ಇರುವುದು ಎರಡು, ಇಲ್ಲದ್ದು ಹತ್ತೊಂಬತ್ತು.

"ಇಲ್ಲೂ ಅದೇ ಕಥೆ! ಬಸುರಿ ಇಬ್ಬರು, ನೋಡೋಕೆ ಬಂದವರು ಒಂದು ಬಸ್ಸು ಜನ!" ಎಂದು ಗೊಣಗಿಕೊಂಡು ಅವಳು ಹತ್ತೊಂಬತ್ತನ್ನೂ ಚಿವುಟಿ ಎಸೆದಳು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಅದೇ ಕೆಲಸ. ತೆಳ್ಳನೆ ತೊಟ್ಟು ಕಂಡರೆ ಸಾಕು, ಅರಳಿರಲಿ ಮೊಗ್ಗಿರಲಿ, "ಗಂಡಸರು ಹೊರಗೆ!" ಸುಮ್ಮನೆ ಗೊಬ್ಬರ ತಿಂದುಕೊಂಡು ನಿಂತಿರುವವರಿಂದ ಯಾರಿಗೆ ಏನು ಉಪಯೋಗ ಎಂಬುದು ಅವಳ ತರ್ಕ. ಮೂವತ್ತೆರಡು ವರ್ಷ ಆ ತರ್ಕ ಒಂದು ದಿನವೂ ಅವಳಿಗೆ ಕೈಕೊಟ್ಟಿರಲಿಲ್ಲ.

ಹೆಣ್ಣು ಹೂವುಗಳು ಒಂದೊಂದಾಗಿ ಅರಳಿ ಬಾಡಿದವು. ಹೆಬ್ಬೆರಳು ಗಾತ್ರದ ಕಾಯಿ ಎರಡು ದಿನ ಹಸಿರಾಗಿರುವುದು, ಮೂರನೆಯ ದಿನ ತುದಿ ಹಳದಿಯಾಗುವುದು, ಐದನೆಯ ದಿನ ಮುಟ್ಟಿದರೆ ಕೈಗೇ ಕಳಚಿಕೊಳ್ಳುವುದು. ನೀರು ಹೆಚ್ಚಿಸಿದಳು, ಕಡಿಮೆ ಮಾಡಿದಳು. ಮೊಟ್ಟೆಯ ಸಿಪ್ಪೆ ಕುಟ್ಟಿ ಹಾಕಿದಳು. ಹಳೇ ಸೀರೆ ಕಟ್ಟಿ ನೆರಳು ಮಾಡಿದಳು. ರಟ್ಟಿನ ಮೇಲೆ ಏಳು ಸಲ "ಹೋಯಿತು" ಎಂದು ಬರೆಯಬೇಕಾಯಿತು. ಆ ಪದವನ್ನು ವಾರ್ಡಿನ ಹಾಳೆಗಳ ಮೇಲೂ ಕೆಲವು ಸಲ ಕಂಡಿದ್ದಳು, ಅದೆಂದರೆ ಅವಳಿಗೆ ಆಗುತ್ತಿರಲಿಲ್ಲ.

ಒಂದನೇ ತಾರೀಕಿಗೆ ಹನ್ನೊಂದು ದಿನ ಇದ್ದಾಗ ಉದುರಿದ ಕಾಯಿಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗಿ ಅಂಗಡಿಯ ಕಟ್ಟೆಯ ಮೇಲೆ ಸುರಿದಳು.

ಅಂಗಡಿಯವನು ಒಂದನ್ನು ಎತ್ತಿ ನೋಡಿದ. "ಇದಕ್ಕೆ ಪರಾಗ ತಾಗಿಲ್ಲ. ಗಂಡು ಹೂವು ದಿನಕ್ಕೆ ಎಷ್ಟು ಅರಳ್ತವೆ?"

"ಒಂದೂ ಇಲ್ಲ."

"ಒಂದೂ ಇಲ್ವಾ? ಅದು ಹೇಗೆ?"

"ನಾನು ಬಿಟ್ರೆ ತಾನೇ? ಮೊಗ್ಗಲ್ಲೇ ಕಿತ್ತು ಹಾಕ್ತೀನಿ."

ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಮೂಟೆಗೆ ಒರಗಿಕೊಂಡು, ಕಣ್ಣೊರೆಸಿಕೊಂಡು, "ಅಮ್ಮಾ, ಮೂವತ್ತೆರಡು ವರ್ಷ ಹೆರಿಗೆ ವಾರ್ಡಲ್ಲಿದ್ರಿ! ಗಂಡಿಲ್ದೆ ಅದು ಆಗಲ್ಲ ಅನ್ನೋದು ನಿಮಗೆ ಗೊತ್ತಿರ್ಲಿಲ್ವಾ?" ಎಂದ.

ಸ್ಟೂಲಮ್ಮನ ಮುಖ ಕೆಂಪಗಾಯಿತು. ಆದರೂ ಬಿಟ್ಟುಕೊಡಲಿಲ್ಲ. "ನಮ್ಮ ಹತ್ತಿರ ಬರೋ ಹೊತ್ತಿಗೆ ಆ ಕೆಲಸ ಮುಗಿದಿರ್ತಿತ್ತು ಕಣಯ್ಯಾ! ಹಲ್ಲು ಮುಚ್ಚಿ, ಈಗೇನು ಮಾಡ್ಬೇಕು ಹೇಳು."

ಅವನು ಹೇಳಿದ. ನಾಲ್ಕು ಕಡೆ ಸಿಮೆಂಟು ಇರುವ ಮೂಲೆಗೆ ಜೇನ್ನೊಣ ಬರುವುದೂ ಅಷ್ಟಕ್ಕಷ್ಟೇ, ಕೈಯಾರೆ ಮಾಡಬೇಕು. ಬೆಳಿಗ್ಗೆ ಹೂವು ಅರಳಿದ ಕೂಡಲೇ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಳಗೆ ಮೆತ್ತಗೆ ಸವರಬೇಕು. ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ದಂಡ.

ಅವಳು ಮನೆಗೆ ಬಂದು ಬಳ್ಳಿಯ ಮುಂದೆ ಸ್ಟೂಲು ಹಾಕಿ ಕೂತಳು. ತಪ್ಪು ತನ್ನದೇ ಎಂದು ಅವಳಿಗೆ ಅರಿವಾಗಿತ್ತು. ಅದು ನೋಯಿತು. ರಟ್ಟಿನ ಮೇಲಿದ್ದ ಏಳು "ಹೋಯಿತು"ಗಳ ಕೆಳಗೆ "ಆಯಾಳ ತಪ್ಪು" ಎಂದು ದಪ್ಪಗೆ ಬರೆದಳು. ಬರೆದ ಮೇಲೆ ಪೆನ್ನಿನ ಮುಚ್ಚಳ ಹಾಕಿ, ಇನ್ನು ಅಳುವುದಕ್ಕೆ ಪುರುಸೊತ್ತಿಲ್ಲ ಎಂದು ಎದ್ದಳು.

ಈಗ ಗಂಡಸರು ಬೇಕು, ಗಂಡಸರೇ ಇಲ್ಲ. ಐದು ದಿನ ಕಾದಳು. ಚಿವುಟಿಸಿಕೊಂಡ ಬಳ್ಳಿ ಹೊಸ ಮೊಗ್ಗು ಬಿಡಲು ನಿಧಾನ ಮಾಡಿತು. ಆರನೆಯ ದಿನ ಬೆಳಿಗ್ಗೆ ನೋಡುತ್ತಾಳೆ, ಗೋಡೆಯ ಬುಡದಲ್ಲಿ ಒಂದು ಹೆಣ್ಣು ಹೂವು ಪೂರ್ತಿ ಅರಳಿ ನಿಂತಿದೆ, ಗಂಡು ಮಾತ್ರ ಒಂದೂ ಇಲ್ಲ. ಇನ್ನೊಂದು ಹೆಣ್ಣು ಮೊಗ್ಗು ಸದ್ಯಕ್ಕೆ ಬಳ್ಳಿಯಲ್ಲಿ ಇರಲಿಲ್ಲ. ರೈಲ್ವೆ ಗೋದಾಮಿನ ಬೇಲಿಯ ಮೇಲೆ ಕುಂಬಳಬಳ್ಳಿ ಹಬ್ಬಿದ್ದನ್ನು ಬಸ್ಸಿನಿಂದ ನೋಡಿದ ನೆನಪಾಯಿತು. ತಲೆ ಬಾಚಿಕೊಳ್ಳದೆ, ಮನೆಯ ಚಪ್ಪಲಿಯಲ್ಲೇ ಹೊರಟಳು.

"ಅಮ್ಮಾ, ಇಷ್ಟೊತ್ತಿಗೆ ಎಲ್ಲಿಗೆ?" ಎಂದು ಮಗಳು ಹಲ್ಲುಜ್ಜುತ್ತಾ ಕೇಳಿದಳು.

"ಗಂಡು ಹುಡುಕೋಕೆ!"

ಮಗಳ ಬಾಯಿಂದ ಬ್ರಷ್ಷು ಬಿದ್ದುಹೋಯಿತು.

ಗೋದಾಮಿನ ಕಾವಲುಗಾರ ಆಗಷ್ಟೇ ಚಹಾ ಕಾಯಿಸಿಕೊಳ್ಳುತ್ತಿದ್ದ. ಕೆದರಿದ ಕೂದಲಿನ ಹೆಂಗಸೊಬ್ಬಳು ಬೇಲಿಯಾಚೆ ನಿಂತು ಏದುಸಿರು ಬಿಡುತ್ತಾ, "ಅಣ್ಣಾ, ಎರಡು ಹೂವು ಕೊಡಪ್ಪ, ತೆಳ್ಳನೆ ತೊಟ್ಟಿಂದು. ಬೇಗ, ಒಳಗೆ ಕಾಯ್ತಾ ಇದ್ದಾಳೆ" ಎಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಅವನು ಎರಡಲ್ಲ, ಆರು ಹೂವು ಕಿತ್ತುಕೊಟ್ಟ. ಅವಳು ಅವನ್ನು ಬಟ್ಟೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಆ ವಯಸ್ಸಿನಲ್ಲಿ ಓಡಿದಳು. ಮನೆ ತಲುಪಿದಾಗ ಬಿಸಿಲು ಕಾಂಪೌಂಡಿನ ನೆತ್ತಿ ಮುಟ್ಟಿತ್ತು, ಹೂವಿನ ಅಂಚು ಒಳಕ್ಕೆ ಮಡಚಲು ಶುರುವಾಗಿತ್ತು. ಕೈ ತೊಳೆದುಕೊಂಡು, ಎಸಳು ಬಿಡಿಸಿ, ಉಸಿರು ಬಿಗಿಹಿಡಿದು ಸವರಿದಳು. ಆರನ್ನೂ ಸವರಿದಳು. "ಇವತ್ತೊಂದು ದಿನ ನಿಮಗೆಲ್ಲ ಒಳಗೆ ಬರೋಕೆ ಪರ್ಮಿಷನ್ನು" ಎಂದಳು.

ಮೂರನೆಯ ದಿನ ಕಾಯಿಯ ತುದಿ ಹಳದಿಯಾಗಲಿಲ್ಲ. ನಾಲ್ಕನೆಯ ದಿನ ಅದು ನಿಂಬೆಹಣ್ಣಿಗಿಂತ ದೊಡ್ಡದಾಯಿತು. ಸ್ಟೂಲಮ್ಮ ಯಾರಿಗೂ ಹೇಳಲಿಲ್ಲ, ಮಗಳಿಗೂ. ರಟ್ಟಿನ ಮೇಲೆ ಮಾತ್ರ "ಇದೆ" ಎಂದು ಬರೆದಳು.

ಒಂದನೇ ತಾರೀಕು ಬೆಳಿಗ್ಗೆ ಸೆಕ್ರೆಟರಿ ಗಾರೆ ಕೆಲಸದವನನ್ನು ಕರೆದುಕೊಂಡು ಬಂದ. ಹಿಂದೆಯೇ ತಳ್ಳುಗಾಡಿಯಲ್ಲಿ ಸಿಮೆಂಟಿನ ಮೂಟೆ. ಮೇಲಿನ ಮನೆಗಳವರು ಹಿಂದಿನ ಕಿಟಕಿಗಳಲ್ಲಿ ಸಾಲಾಗಿ ನಿಂತಿದ್ದರು. ಪಕ್ಕದ ಓಣಿಯಿಂದ ಆ ಜಾಗಕ್ಕೆ ಒಂದೇ ಒಂದು ಸಂದು. ಸಂದಿನ ನಟ್ಟನಡುವೆ ಸ್ಟೂಲು, ಸ್ಟೂಲಿನ ಮೇಲೆ ಸ್ಟೂಲಮ್ಮ. ಒಗೆದ ಸೀರೆ, ಬಿಗಿದು ಕಟ್ಟಿದ ಕೂದಲು. ಎರಡೂ ತೋಳು ಅಡ್ಡ ಚಾಚಿದಳು.

"ಅಲ್ಲೇ ನಿಂತ್ಕೊಳ್ಳಿ. ಕಾಯಿ ಬಿಟ್ಟಿದೆ."

ಸೆಕ್ರೆಟರಿ ಅವಳ ತೋಳಿನ ಮೇಲಿಂದ ಕತ್ತು ಉದ್ದ ಮಾಡಿ ನೋಡಿದ. ಎಲೆಗಳ ನಡುವೆ, ಮಡಚಿದ ಬಟ್ಟೆಯ ಮೇಲೆ, ಮುಷ್ಟಿ ಗಾತ್ರದ ಒಂದು ಹಸಿರು ಕಾಯಿ ಕೂತಿತ್ತು.

"ಇದಾ? ಇದನ್ನ ಕಾಯಿ ಅಂತಾರಾ? ಇಷ್ಟುದ್ದ ಇಲ್ಲ. ಇದು ಲೆಕ್ಕಕ್ಕಿಲ್ಲ, ಏಳಿ."

"ಏಳಲ್ಲ."

"ಏಳೀಮ್ಮಾ!" ಅವನ ಧ್ವನಿ ಒಮ್ಮೆಲೇ ಒಡೆಯಿತು. "ಅವತ್ತೂ ಹೀಗೇ ಕೂತಿದ್ರಿ! ಇದೇ ಸ್ಟೂಲು, ಇದೇ ಥರ ಕೈ ಅಡ್ಡ. ಒಳಗೆ ನನ್ನ ಹೆಂಡತಿ ಕೂಗ್ತಾ ಇದ್ಳು. ಮಧ್ಯಾಹ್ನದಿಂದ ಸಂಜೆ ತನಕ ನಾಲ್ಕು ಗಂಟೆ ನನ್ನನ್ನ ಹೊರಗೆ ನಿಲ್ಲಿಸಿದ್ರಿ. ಕೈ ಮುಗಿದೆ, ಬಿಡ್ಲಿಲ್ಲ. ನಿಮಗೆಲ್ಲಿ ನೆನಪಿರುತ್ತೆ!"

ಸ್ಟೂಲಮ್ಮ ಅವನ ಮುಖವನ್ನು ದಿಟ್ಟಿಸಿದಳು. ಆ ಮುಖ ಅವಳಿಗೆ ಏನೂ ಹೇಳಲಿಲ್ಲ.

"ಯಾವ ಮಂಚ, ಯಾವ ವರ್ಷ?"

"ಮೂಲೆ ಮಂಚ. ಆಸ್ಪತ್ರೆಗೆ ಹೊಸ ಲಿಫ್ಟು ಹಾಕಿದ ವರ್ಷ."

ಅವಳು ಕಣ್ಣು ಮುಚ್ಚಲಿಲ್ಲ, ಲೆಕ್ಕವನ್ನೂ ಹಾಕಲಿಲ್ಲ. "ಒಂದು ಕೆಜಿ ಮುನ್ನೂರು. ಹೆಣ್ಣು. ಏಳು ತಿಂಗಳಿಗೇ ಆಗಿದ್ದು. ಕೂಗಲಿಲ್ಲ, ಬೆನ್ನು ತಿಕ್ಕಿದ ಮೇಲೆ ಕೂಗ್ತು. ತಿಕ್ಕಿದ್ದು ನಾನು."

ಸೆಕ್ರೆಟರಿ ಸೊಂಟದ ಬೀಗದ ಕೈಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ನಿಲ್ಲಿಸಿದ್ದೆ. ಇವತ್ತು ಬಂದ್ರೂ ನಿಲ್ಲಿಸ್ತೀನಿ," ಎಂದಳು ಸ್ಟೂಲಮ್ಮ. "ಆದ್ರೆ ಒಂದು ಮಾತು ಹೇಳಿ. ಅವತ್ತು ಬಟ್ಟೇಲಿ ಸುತ್ತಿ ತಂದು ನಿಮ್ಮ ಕೈಗೆ ಕೊಟ್ಟಾಗ ಅದು ಎಷ್ಟಿತ್ತು? ಈ ನನ್ನ ಕೈಯಷ್ಟು. ಆಗ ನಾವು ಯಾರಾದ್ರೂ ಅಂದ್ವಾ, ಇದು ಚಿಕ್ಕದು, ಲೆಕ್ಕಕ್ಕಿಲ್ಲ ಅಂತ? ನೀವು ಅಂದ್ರಾ?"

ಗಾರೆಯವನು ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ನೆಲ ನೋಡುತ್ತಾ ನಿಂತ. ಸೆಕ್ರೆಟರಿ, "ಈಗ ಅವಳು ನನಗಿಂತ ಎತ್ತರ ಇದ್ದಾಳೆ" ಎಂದ. ಬೇರೇನೋ ಹೇಳಲು ಹೊರಟವನಿಗೆ ಅಷ್ಟೇ ಸಿಕ್ಕಂತಿತ್ತು.

"ಇರ್ಬೇಕಲ್ಲ ಮತ್ತೆ," ಎಂದಳು ಸ್ಟೂಲಮ್ಮ. ತಳ್ಳುಗಾಡಿಯ ಕಡೆ ಕೈ ಮಾಡಿ, "ಏ ಅಪ್ಪಾ, ಮೂಟೆ ವಾಪಸ್ ತಗೊಂಡು ಹೋಗು" ಎಂದಳು. ಗಾರೆಯವನು ಸೆಕ್ರೆಟರಿಯ ಮುಖ ನೋಡಿದ. ಸೆಕ್ರೆಟರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಗಾಡಿ ಓಣಿಯಲ್ಲಿ ಹಿಂದಕ್ಕೆ ಉರುಳಿತು.

ಅವನು ಮಾತ್ರ ಹೋಗದೆ ಅಲ್ಲೇ ನಿಂತಿದ್ದ. ಸ್ಟೂಲಮ್ಮ ಎದ್ದಳು. ಸ್ಟೂಲನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟಳು.

"ಬನ್ನಿ, ಈಗ ಕರೀತಾ ಇದ್ದೀನಿ. ಚಪ್ಪಲಿ ಅಲ್ಲೇ ಬಿಡಿ. ನೋಡಿ, ಮುಟ್ಟಂಗಿಲ್ಲ."